ವಾಡೆಗೂ ಎರಡೇ ಕೊಡ

ಕರಜಗಿ, ತಾ. ಜತ್ತ, ಜಿ. ಸಾಂಗಲಿ
ರವಿವಾರ, ೧೧ ಮಾರ್ಚ್ ೧೯೭೩

ಚಿ. ಸೌ. ಇಂದ್ರಾಳಿಗೆ ಅವ್ವನ ಆಶೀರ್ವಾದ.

ಕರಜಗಿಯ ಪಾಟೀಲ ವಾಡೆಯ ಹಿರಿಯ ಸೊಸೆ, ದಿವಂಗತ ಸೋಮನಿಂಗಪ್ಪನವರ ಪತ್ನಿ, ವಿಜಾಪುರದ ಹೈಸ್ಕೂಲಿನಲ್ಲಿ ಹುಡುಗರ ನಡುವೆ ಕುಳಿತು ಕಲಿತವಳು, ಈ ಊರಿನಲ್ಲಿ ಯಾರ ಬಾಗಿಲಿಗೂ ಕೈಚಾಚಿ ಹೋಗದವಳು ಆದ ಶಿವಲಿಂಗವ್ವ ತನ್ನ ಮಗಳಿಗೆ ಬರೆಯುವ ಪತ್ರವಿದು. ಹೀಗೆ ಶುರುಮಾಡಿದ್ದಕ್ಕೆ ನಗಬೇಡ. "ಇಕಿ ಪತ್ರ ಬರದರ ಕಚೇರಿ ಹುಕುಂ ಬಂದಂಗ ಇರತದ" ಎಂದು ನಿನ್ನ ಅಪ್ಪ ಚೇಷ್ಟೆ ಮಾಡುತ್ತಿದ್ದರು. ಆದರೆ ನಿನ್ನ ಪತ್ರ ಓದಿದ ಮೇಲೆ ನಾನು ಯಾರೆಂಬುದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕೆನಿಸಿತು. ಬರೆದೆ, ನೋಡಿದೆ. ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ.

ಮೊದಲು ನಿನ್ನ ಆರೋಗ್ಯ ಹೇಳು. ಕಾಲಿಗೆ ಬಾವು ಬಂದಿದೆ ಎಂದು ಒಂದು ಸಾಲು ಬರೆದು, ಆಮೇಲೆ ಆ ಸಾಲನ್ನು ಹೊಡೆದುಹಾಕಿದ್ದೀ. ಹೊಡೆದುಹಾಕಿದ್ದನ್ನೂ ನಾನು ಓದುತ್ತೇನೆ, ಅದು ನಿನಗೆ ಗೊತ್ತಿರಬೇಕಿತ್ತು. ಬಾವು ಇಳಿಯದಿದ್ದರೆ ಅಳಿಯಂದಿರಿಗೆ ಹೇಳಿ ದವಾಖಾನೆಗೆ ಹೋಗು, ನಾಚಿಕೆಯಿಂದ ಮುಚ್ಚಿಡಬೇಡ. ಮಲಗಿಕೊಂಡು ಕಾದಂಬರಿ ಓದುವುದನ್ನು ಬಿಡು. ಹುಣಸೆಹಣ್ಣಿಗೆ ಉಪ್ಪು ಹಚ್ಚಿ ನೆಕ್ಕುವ ಚಟ ನಿನಗೆ ಸಣ್ಣಂದಿನಿಂದಲೂ ಇದೆ. ಈಗ ಬಸುರಿಯನ್ನು ಯಾರೂ ಬೈಯುವುದಿಲ್ಲವೆಂದು ಬಟ್ಟಲುಗಟ್ಟಲೆ ತಿನ್ನಬೇಡ. ಜೋಳದ ನುಚ್ಚಿಗೆ ಮಜ್ಜಿಗೆ ಹಾಕಿಕೊಂಡು ಉಣ್ಣು, ಹೊಟ್ಟೆಗೆ ತಂಪು. ನನ್ನ ಆರೋಗ್ಯ ಚಲೋ ಇದೆ. ಮೆಟ್ಟಿಲು ಹತ್ತುವಾಗ ಮೊಣಕಾಲುಗಳು ಏನೋ ಮಾತಾಡುತ್ತವೆ, ನಾನು ಉತ್ತರ ಕೊಡುವುದಿಲ್ಲ. ನಿನ್ನ ಚಿಕ್ಕಪ್ಪ ತಮ್ಮಣ್ಣನೂ ಚೆನ್ನಾಗಿದ್ದಾನೆ. ಕೆಲಸವಿಲ್ಲದ ಗಂಡಸು ಎಷ್ಟು ಚೆನ್ನಾಗಿರಲು ಸಾಧ್ಯವೋ ಅಷ್ಟು.

ಇನ್ನು ನಿನ್ನ ಪ್ರಶ್ನೆ. ಪತ್ರವನ್ನು ಒಮ್ಮೆ ಜಗಲಿಯ ಮೇಲೆ ಕುಳಿತು ಓದಿದೆ, ಒಳಗೆ ಹೋಗಿ ಇನ್ನೊಮ್ಮೆ ಓದಿದೆ. ಶಿವರಾತ್ರಿಯ ಮರುದಿನ ಸಾಂಗಲಿಯ ನಿಮ್ಮ ಮನೆಗೆ ಓಣಿಯ ಹೆಂಗಸರು ಬಂದಾಗ ನಿಮ್ಮ ಅತ್ತೆ ಸಾವಿತ್ರವ್ವನವರು ತೂಗುಮಂಚದ ಮೇಲೆ ಕುಳಿತು, "ಯಾಕ ಇಂದ್ರಾ, ಏಳು ತುಂಬಿತು, ನಿಮ್ಮವ್ವ ಕರಿಯಾಕ ಇನ್ನಾ ಬರಲಿಲ್ಲ? ತವರಮನಿಗೆ ಬಡತನ ಬಂತೇನ?" ಎಂದು ಕೇಳಿದರಂತೆ. ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರಂತೆ. ನೀನು ಒಳಗೆ ಹೋಗಿ ಕಣ್ಣೀರು ಹಾಕಿದೆಯಂತೆ. ಅಳುವುದಕ್ಕೆ ಒಳಗೆ ಹೋದದ್ದು ಒಳ್ಳೆಯದು ಮಾಡಿದೆ. ಆದರೆ ಆಮೇಲೆ ನನ್ನನ್ನು ಕೇಳಿದ್ದೀಯಲ್ಲ, "ಅವ್ವಾ, ನಾವು ಬಡವರಾಗಿದ್ದೇವೆಯೇ? ಹೌದಾದರೆ ಹೌದು ಅನ್ನುತ್ತೇನೆ. ಅಲ್ಲವಾದರೆ ನಾನು ಅವರಿಗೆ ಯಾವ ಮಾತು ಹೇಳಲಿ?" ಎಂದು, ಆ ಸಾಲಿನಲ್ಲಿ ನನ್ನ ಕಣ್ಣು ನಿಂತುಬಿಟ್ಟಿದೆ.

ಚೊಚ್ಚಲ ಹೆರಿಗೆ ತವರಿನದು. ಇದು ನಿಮ್ಮ ಅತ್ತೆ ಹೊಸದಾಗಿ ಹುಟ್ಟಿಸಿದ ಮಾತಲ್ಲ, ಅವರ ಮೇಲೆ ನಾನು ಸಿಟ್ಟಾಗಲು ಬರುವುದಿಲ್ಲ. ಬಸುರಿಗೆ ಸೀರೆ ಉಡಿಸುವ ಕುಪ್ಪಸದ ಕಾರ್ಯವನ್ನು ಅವರು ತಮ್ಮ ಮನೆಯಲ್ಲಿ ಚಂದ ಮಾಡಿದರು. ಮುಂದಿನದು ನನ್ನ ಪಾಳಿ. ಬಂದು ಕರೆದುಕೊಂಡು ಹೋಗಬೇಕು, ಹೆರಿಗೆ ಮಾಡಿಸಬೇಕು, ಬಾಣಂತಿಗೆ ದಿನಾಲು ಬಿಸಿನೀರು ಎರೆದು, ಕೆಂಡದ ಶೇಕ ಕೊಟ್ಟು, ಕೂಸಿಗೆ ತೊಟ್ಟಿಲು ಕಟ್ಟಿ, ಮಡಿಲು ತುಂಬಿ ಕಳಿಸಬೇಕು. ನಾನು ನಿನ್ನನ್ನು ಹೆತ್ತಾಗ ನನ್ನ ತಾಯಿ ಮಾಡಿದ್ದು ಅದೇ, ಅವಳ ತಾಯಿ ಮಾಡಿದ್ದೂ ಅದೇ. ಒಂಬತ್ತು ತುಂಬುವುದರೊಳಗೆ ಬಾ, ನನಗೆ ಹೆದರಿಕೆ ಆಗುತ್ತದೆ, ಆ ಹೊತ್ತಿಗೆ ನಿನ್ನ ಕೈ ಬೇಕು ಎಂದು ಬರೆದಿದ್ದೀ. ಆ ಸಾಲನ್ನು ನೀನು ಹೊಡೆದುಹಾಕಿಲ್ಲ.

ನೀನು ಶಾಲೆಗೆ ಹೋಗುವಾಗ ಬಂದು "ಬಡತನ ಅಂದ್ರ ಏನವ್ವಾ" ಎಂದು ಕೇಳಿದ್ದರೆ ಪುಸ್ತಕದ ಅರ್ಥ ಹೇಳಿ ಕಳಿಸುತ್ತಿದ್ದೆ. ಇಲ್ಲದಿರುವುದು, ಅಷ್ಟೇ. ಈಗ ಅಷ್ಟು ಸರಳವಾಗಿ ಹೇಳಲಾರೆ. ನಿನಗೆ ಆರು ವರ್ಷವಿದ್ದಾಗ ಉಳುವವನಿಗೆ ಹೊಲ ಎಂದು ಕಾಯ್ದೆ ಬಂದು ನಮ್ಮ ಹೊಲಗಳು ಉಳುವವರಿಗೆ ಹೋದವು. ನಿನ್ನ ಅಪ್ಪ ಹೊರಗೆ ಎಲ್ಲರೊಡನೆ ನಗುತ್ತಿದ್ದು, ಊಟಕ್ಕೆ ಕುಳಿತಾಗ ಅರ್ಧಕ್ಕೇ ಎದ್ದುಬಿಡುತ್ತಿದ್ದರು. ಊರಿನವರು "ವಾಡೆ ಬಡವಾತು" ಎಂದರು. ನಾನು ಒಪ್ಪಲಿಲ್ಲ. ಅದಕ್ಕೆ ಕಡಿಮೆಯಾಗುವುದು ಎನ್ನುತ್ತಾರೆ. ದೊಡ್ಡ ಬೋಗುಣಿಯ ಅಡುಗೆ ಸಣ್ಣ ಬೋಗುಣಿಗೆ ಬಂತು. ಒಲೆ ಅದೇ, ಬಡಿಸುವ ಕೈ ಅದೇ. ಅಪ್ಪ ಹೋದ ಮೇಲೆ ಬಂದದ್ದು ಅಡಚಣಿ. ಅಡಚಣಿಯೆಂದರೆ ದಾರಿಯಲ್ಲಿ ಕಲ್ಲು ಅಡ್ಡಬಿದ್ದ ಹಾಗೆ, ಕಲ್ಲಿನ ಆಚೆ ದಾರಿ ಇದ್ದೇ ಇರುತ್ತದೆ. ನಿನ್ನ ಮದುವೆಯನ್ನು ಆ ಅಡಚಣಿಯಲ್ಲಿಯೇ ಮಾಡಿದೆ. ಬೀಗರಿಗೆ ಗೊತ್ತಾಗಲಿಲ್ಲ, ಊರಿಗೆ ಗೊತ್ತಾಗಲಿಲ್ಲ, ನಿನಗೂ ಗೊತ್ತಾಗಿದ್ದು ಈಗ, ಇದನ್ನು ಓದಿದಾಗ.

ನಿನ್ನ ಅಜ್ಜಿ, ಅಂದರೆ ನನ್ನ ಅತ್ತೆ, ದರಿದ್ರ ಎಂಬ ಮಾತನ್ನು ಇಲ್ಲದವರಿಗೆ ಎಂದೂ ಆಡಲಿಲ್ಲ. ಇದ್ದೂ ಇಕ್ಕದ ಮನೆಗೆ ಆಡುತ್ತಿದ್ದರು. ಅಸಂಗಿಯ ಒಂದು ಮನೆಯವರು ಜಂಗಮರು ಭಿಕ್ಷೆಗೆ ಬರುವ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕಿಕೊಂಡು ಉಣ್ಣುತ್ತಾರೆಂದು ಕೇಳಿ, ಆ ದರಿದ್ರರ ಹೆಣ್ಣು ಬೇಡವೆಂದು ತಮ್ಮಣ್ಣನಿಗೆ ಬಂದ ಸಂಬಂಧವನ್ನೇ ತಿರುಗಿಸಿದರು. ತಮ್ಮಣ್ಣ ಇವತ್ತಿಗೂ ನೆನೆಸಿಕೊಂಡು ಉಸಿರು ಬಿಡುತ್ತಾನೆ. ಹುಡುಗಿ ಭಾಳ ಚೆಲುವಿ ಇದ್ದಳಂತೆ. ಇನ್ನು ಗರೀಬಿ ಎಂಬುದು ನನಗೆ ಗೋಡೆಯ ಮೇಲಿನ ಮಾತು. ಹಿಂದಿನ ಇಲೆಕ್ಷನ್ನಿನಲ್ಲಿ ಅದನ್ನು ತೊಲಗಿಸುತ್ತೇವೆಂದು ನಮ್ಮ ವಾಡೆಯ ಹೊರಗೋಡೆಗೂ ಸುಣ್ಣದಲ್ಲಿ ಬರೆದು ಹೋದರು, ನನ್ನನ್ನು ಒಂದು ಮಾತು ಕೇಳಲಿಲ್ಲ. ಮಳೆ ಬಾರದ್ದರಿಂದ ಅದು ಇನ್ನೂ ಅಳಿಸಿಲ್ಲ. ಹೀಗೆ ಒಂದೊಂದು ಮಾತಿಗೆ ಒಂದೊಂದು ಜಾಗ ಇಟ್ಟುಕೊಂಡು ನಾನು ಇಷ್ಟು ವರ್ಷ ಬದುಕಿದ್ದೇನೆ. ಈ ವರ್ಷದ್ದಕ್ಕೆ ಮಾತ್ರ ಜಾಗ ಸಿಗುತ್ತಿಲ್ಲ.

ಬಾವಿಯ ಸಂಗತಿಯನ್ನು ನಿನಗೆ ಪೂರ್ತಿ ಬರೆದಿರಲಿಲ್ಲ. ನಿನ್ನ ಮುತ್ತಜ್ಜನ ಕಾಲದಿಂದ ಬತ್ತದ ನಮ್ಮ ಬಾವಿ ದೀಪಾವಳಿಗೆ ಕೆಸರಾಯಿತು, ಎಳ್ಳಮವಾಸ್ಯೆಗೆ ಒಣಗಿತು. ಬಾವಿ ತೋಡುವ ಗೊಲ್ಲಾಳಪ್ಪ ತನ್ನ ಮಂದಿಯನ್ನು ಕರೆದುಕೊಂಡು ಕೆಳಗಿಳಿದು ಬಂಡೆಗೆ ಮದ್ದು ತುಂಬಿ ಸುರಂಗ ಹೊಡೆದ. ವಾಡೆಯ ಜಂತಿಯಿಂದ ಮಣ್ಣು ಉದುರಿತು. ಮೇಲೆ ಬಂದಾಗ ಅವನ ಕೈಯಲ್ಲಿ ಕರಿಕಲ್ಲಿನ ಚೂರು ಇತ್ತು. "ಮುಟ್ಟಿ ನೋಡ್ರಿ ಅವ್ವಾರ, ಸುಡಾಕತ್ತೈತಿ. ಇದರೊಳಗ ನೀರ ಎಲ್ಲಿಂದ ಬರಬೇಕು?" ಎಂದ. ಕೂಲಿಯ ಮೇಲೆ ಊಟವನ್ನೂ ಹಾಕಿ ಕಳಿಸಿದೆ. ಉಣ್ಣುವಾಗ ಅವನು ನೀರು ಕೇಳಲಿಲ್ಲ, ಹಾಗೇ ಎದ್ದು ಹೋದ. ಅಂಗಳದ ಕೆಳಗಿನ ಹಗೇವಿನಲ್ಲಿ ಹಳೆಯ ಬಿಳಿಜೋಳ ಇದೆ, ಊರಿಗೆ ಹಂಚಿದ ಮೇಲೂ ನಮಗೆ ಸಾಕಾಗುವಷ್ಟು. ದೇವರ ಕೋಣೆಯಲ್ಲಿ ಬೆಳ್ಳಿಯ ದೀಪದ ಸಮೆಗಳಿವೆ. ನಿನ್ನ ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಒರೆಸಿ ಇಟ್ಟಿದ್ದೇನೆ. ಬಾಣಂತಿಯ ಮೈಮೇಲೆ ಹಾಕಲು ನೀರಿಲ್ಲ. ಇದಕ್ಕೆ ಏನೆನ್ನುತ್ತಾರೆ, ನೀನೇ ಹೇಳು.

ಇದನ್ನೆಲ್ಲ ಬೀಗರಿಗೆ ಮೊದಲೇ ಬಿಚ್ಚಿ ಹೇಳಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲವೋ ಏನೋ. ನಾನು ಮಾಡಿದ್ದು ಬೇರೆ. ಸಂಕ್ರಾಂತಿಗೆ ಎಂದಿನ ಹಾಗೆ ನಿಮ್ಮ ಮನೆಗೆ ಎಳ್ಳುಹೋಳಿಗೆ, ಅದರ ಜೊತೆ ಎಂದೂ ಕಳಿಸದ ಒಂದು ಚೀಲ ಬಿಳಿಜೋಳ ಕಳಿಸಿದೆ. ಬರಗಾಲ ಬಂದರೂ ಪಾಟೀಲರ ವಾಡೆ ಹೇಗಿದೆ ನೋಡಿರಿ ಎಂದು ತೋರಿಸುವುದಕ್ಕೇ ಕಳಿಸಿದೆ, ಮುಚ್ಚಿಡುವುದೇನು. ನಮ್ಮ ಆಳು ಶಿದ್ರಾಯನಿಗೆ ಚೀಲವನ್ನು ಬಸ್ಸಿನ ಮೇಲೆ ಏರಿಸಲು ಆಗದೆ ಕುರುಬರ ಬೀರವ್ವ ಒಂದು ಮಗ್ಗುಲು ಹಿಡಿದು ಎತ್ತಿಕೊಟ್ಟಳು. ರೇಶನ್ನಿನ ಕೆಂಪು ಜೋಳ ಉಣ್ಣುವವಳು ಬಿಳಿಜೋಳದ ಚೀಲಕ್ಕೆ ಹೆಗಲು ಕೊಟ್ಟಳು. ನಾನು ವಾಡೆಯ ಬಾಗಿಲಲ್ಲಿ ನಿಂತು ನೋಡಿದೆ. ಚೀಲ ಸಾಂಗಲಿ ಮುಟ್ಟಿತು, ನಿಮ್ಮ ಅತ್ತೆ ಜೋಳವನ್ನು ಅಂಗೈಯಲ್ಲಿ ಹಿಡಿದು ನೋಡಿ, "ಕಾಳ ಚಲೋ ಅದಾವ" ಎಂದರಂತೆ. ಈಗ ಅದೇ ಕಾಳು ನನ್ನ ಕಣ್ಣಿಗೆ ಬಿದ್ದಿದೆ. "ಜ್ವಾಳದ ಚೀಲ ಕಳಸಾಕ ಬರತದ, ಮಗಳನ್ನ ಒಯ್ಯಾಕ ಬರೂದಿಲ್ಲ. ಇದು ಬಡತನ ಅಲ್ಲ ಬಿಡ್ರಿ, ಇದು ಕಂಜೂಸಿ" ಎಂದು ಅವರು ಆಮೇಲೆ ತಿದ್ದಿ ಹೇಳಿದ್ದನ್ನೂ ನೀನು ಬರೆದಿದ್ದೀ. ಬಡತನ ಎಂದು ಒಪ್ಪಿಕೊಂಡರೆ ಮಾಫಿ ಇದೆ, ಇಲ್ಲವಾದರೆ ಕಂಜೂಸಿ. ಎರಡರಲ್ಲಿ ಒಂದನ್ನು ನಾನೇ ಆರಿಸಿಕೊಳ್ಳಬೇಕು. ನಿನ್ನ ಅಜ್ಜಿ ಇದ್ದಿದ್ದರೆ ನನಗೆ ಯಾವ ಮಾತು ಅನ್ನುತ್ತಿದ್ದರೆಂಬುದು ನನಗೆ ಗೊತ್ತಿದೆ.

ಟ್ಯಾಂಕರು ವಾರಕ್ಕೆ ಮೂರು ಸಲ ಚಾವಡಿಯ ಮುಂದೆ ಬಂದು ನಿಲ್ಲುತ್ತದೆ. ನೀರು ಹಂಚಲು ವಿಠೋಬ ಎಂಬ ಸರಕಾರಿ ಕಾರಕೂನನಿದ್ದಾನೆ, ಸಂಖ ಊರಿನ ಕಡೆಯವನು, ಹಲ್ಲು ಉಬ್ಬಿದೆ, ಮನುಷ್ಯ ಒಳ್ಳೆಯವನು. ಮೊದಲ ದಿನ ನಾನು ಆಳಿನ ಕೈಲಿ ಹೇಳಿ ಕಳಿಸಿದೆ: ಟ್ಯಾಂಕರು ಮೊದಲು ವಾಡೆಗೆ ಬರಲಿ, ಆಮೇಲೆ ಚಾವಡಿಗೆ ಹೋಗಲಿ. ನಗಬೇಡ. ಐವತ್ತು ವರ್ಷ ಊರಿಗೆ ಏನು ಬಂದರೂ ಮೊದಲು ವಾಡೆಗೆ ಬಂದೇ ಹೋಗಿದೆ. ವಿಠೋಬ ತಾನೇ ನಡೆದು ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದು, "ಅವ್ವಾರ, ವಾಡೇಕೂ ಎರಡ ಕೊಡ, ಗುಡಸಲಕೂ ಎರಡ ಕೊಡ. ಸಾಹೇಬರ ಹುಕುಂ ಐತ್ರಿ. ನಿಮಗ ಇಲ್ಲ ಅನ್ನಾಕ ನನಗ ನಾಚಿಕಿ ಬರತೈತಿ, ಆದರ ನಾನೂ ಲಾಚಾರ" ಎಂದ. ಕುಡಿಯಲು, ಅಡುಗೆಗೆ, ಲಿಂಗಪೂಜೆಗೆ, ಒಂದು ಆಕಳಿಗೆ, ಎಲ್ಲಕ್ಕೂ ಆ ಎರಡು ಕೊಡ. ನಾನು ಮೈಗೆ ನೀರು ಹಾಕಿಕೊಳ್ಳುವುದು ವಾರಕ್ಕೊಮ್ಮೆ, ಇದನ್ನು ನಿಮ್ಮ ಅತ್ತೆಗೆ ಹೇಳಬೇಡ. ನಮ್ಮ ಮನೆಗೆಲಸದ ಯಮನವ್ವ ಪಾಳಿಯಲ್ಲಿ ನಿಂತು ಬಂದು, "ವಾಡೇದಾಕಿ ಅಂದ್ರೂ ಮೊಳಕೈಲೆ ತಿವೀತಾರ್ರಿ" ಎಂದು ದಿನಾಲು ದೂರುತ್ತಾಳೆ. ಲಾಚಾರ ಎಂಬ ಮಾತನ್ನು ನಾನು ಜೀವಮಾನವೆಲ್ಲ ಮಂದಿಯ ಬಾಯಿಂದ ಕೇಳಿದ್ದೇನೆ. ನಮ್ಮ ಜಗಲಿಯ ಕೆಳಗೆ ನಿಂತವರು ಆಡುವ ಮಾತು ಅದು. ವಿಠೋಬ ಹೋದ ಮೇಲೆ ಆ ಮಾತು ಹೋಗಲಿಲ್ಲ, ಜಗಲಿ ಹತ್ತಿ ಒಳಗೇ ಬಂತು.

ತಮ್ಮಣ್ಣ ಒಂದು ಉಪಾಯ ಹೇಳಿದ. "ವೈನಿ, ನಿಮಗ ಜ್ವರ ಬಂದಾವ ಅಂತ ಬರದಬಿಡ್ರಿ. ಬ್ಯಾನಿ ಬಿದ್ದಾಕಿ ಹೆಂಗ ಬಾಣಂತನ ಮಾಡತಾಳು, ಬೀಗರೂ ತಿಳಕೋತಾರ." ಸುಳ್ಳು ಜ್ವರಕ್ಕೆ ಬೀಗರು ನಿಜವಾದ ಮೋಸಂಬಿ ತೆಗೆದುಕೊಂಡು ನೋಡಲು ಬಂದರೆ ಏನು ಮಾಡುತ್ತೀಯೆಂದು ಕೇಳಿದೆ. "ಅವತ್ತ ಹಾಸಿಗಿ ಹಿಡದ್ರಾತು" ಎಂದ. ನಿನ್ನ ಅಪ್ಪನ ಬೆನ್ನಿಗೆ ಹುಟ್ಟಿದವನು ಇವನೇ ಎಂದರೆ ನನಗೆ ಇನ್ನೂ ನಂಬಿಕೆ ಬರುವುದಿಲ್ಲ. ನೀನು ಹೇಳಿದ ದಾರಿ ಅದಕ್ಕಿಂತ ಕಷ್ಟದ್ದು: "ನನ್ನನ್ನು ಕರೆದುಕೊಂಡು ಹೋಗಲು ಆಗದಿದ್ದರೆ ನೀನೇ ಇಲ್ಲಿಗೆ ಬಾ." ಹೆಣ್ಣು ಕೊಟ್ಟ ಮನೆಯಲ್ಲಿ ಮೊಮ್ಮಗುವಿನ ಮುಖ ನೋಡುವ ತನಕ ತಾಯಿತಂದೆ ಅನ್ನ ಮುಟ್ಟುವುದಿಲ್ಲ ಎಂಬುದು ನಿನಗೆ ಗೊತ್ತಿದೆ. ನಿಮ್ಮ ಮದುವೆಯಾದ ಮೇಲೆ ಸಾಂಗಲಿಗೆ ಬಂದಾಗಲೆಲ್ಲ ನಾನು ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದಿದ್ದೇನೆ, ಗುಡಿಯ ಕಟ್ಟೆಯ ಮೇಲೆ ಕುಳಿತು ಉಂಡಿದ್ದೇನೆ. ಹೆರಿಗೆಯ ಮುಂಚೆ ಬಂದು ಅವರ ಮನೆಯಲ್ಲಿ ವಾರಗಟ್ಟಲೆ ಉಣ್ಣುತ್ತಾ ಕುಳಿತರೆ ಆ ತೂಗುಮಂಚದ ಮೇಲಿಂದ ಏನೇನು ಮಾತು ಬರಬಹುದು? ನಾನು ಕೇಳಿಯೇನು. ನಿನ್ನ ಮಗುವಿನ ಕಾಲಕ್ಕೂ ಆ ಮಾತು ಉಳಿಯುತ್ತದಲ್ಲ, ಅದನ್ನು ಹೇಗೆ ಸಹಿಸಲಿ? ಅಳಿಯಂದಿರು ಒಳ್ಳೆಯವರು. ಆದರೆ ತಾಯಿಯ ಮುಂದೆ ಅವರ ದನಿ ಅಂಗಡಿಯ ಅರಿಷಿಣದ ಚೀಲದ ಹಿಂದೆ ಹೋಗಿ ನಿಲ್ಲುತ್ತದೆ, ಇದು ನಿನಗೂ ಗೊತ್ತು.

ಮೊನ್ನೆ ಶುಕ್ರವಾರ ಬೀರವ್ವ ಬಂದಳು. ಅವಳ ಗಂಡ, ಮಗ ಕುರಿಮಂದೆ ಹೊಡೆದುಕೊಂಡು ಕೃಷ್ಣಾ ದಂಡೆಗೆ ಹೋಗಿ ನಾಲ್ಕು ತಿಂಗಳಾಯಿತು. ಇವಳು ಇಲ್ಲಿ ಬರಗಾಲದ ಕೆಲಸದಲ್ಲಿ ಖಡಿಗಲ್ಲು ಒಡೆಯುತ್ತಾಳೆ. ಜೊತೆಗೆ ಅವಳ ನೆರೆಯ ಹಣಮವ್ವನೂ ಇದ್ದಳು, ಹಿಂದೆ ಇನ್ನೂ ಕೆಲವರು ಹೆಂಗಸರು. "ಬರ್ರಿ, ಕುಂದರ್ರಿ" ಎಂದೆ. "ಕುಂಡ್ರಾಕ ಬಂದಿಲ್ರಿ. ಇಂದ್ರವ್ವನ್ನ ಕರಕೊಂಡ ಬರ್ರಿ ಅಂತ ಹೇಳಾಕ ಬಂದೀವಿ" ಎಂದಳು ಬೀರವ್ವ. ಅವರವರೇ ಮಾತಾಡಿಕೊಂಡು ಬಂದಿದ್ದರು. "ಮನಿಗೊಂದೊಂದ ತಂಬಿಗಿ ತಗದ ಹಾಕಿದರ ಒಂದ ಬಾಣಂತಿ ಮೈ ತೊಯ್ಯೂದಿಲ್ಲೇನ್ರಿ? ಊರ ಮಗಳಲ್ಲೇನ ಆಕಿ, ನಿಮ್ಮ ಒಬ್ಬರಾಕಿನಽ ಏನ?" "ಬೀರವ್ವಾ, ನಾ ನಿಮ್ಮ ಹಂತ್ಯಾಕ ನೀರ ಬೇಡಿದ್ನೇನ?" ಎಂದೆ. ಅವಳು ಹೆದರಲಿಲ್ಲ. "ನೀವ ಯಾವಾಗ ಏನ ಬೇಡೀರ್ರಿ? ನಿಮಗ ಬೇಡಾಕ ಬರಾಂಗಿಲ್ಲಂತನ ನಾವ ಬಂದೀವಿ" ಎಂದಳು. ಹಿಂದಿನವರು ಕಿಸಕ್ಕೆಂದು ನಕ್ಕರು. ನನಗೂ ನಗು ಬಂದಿತ್ತು, ಆದರೆ ತುಟಿಯವರೆಗೆ ಬಿಡಲಿಲ್ಲ.

ಆಗ ಹಣಮವ್ವ ಬೀರವ್ವನನ್ನು ಕೆಣಕುತ್ತ, "ಮನ್ಯಾಗ ಹಡದ ಸೊಸಿ ಮೈಗೆ ನೀರ ಕಂಡಿಲ್ಲ, ಇಕಿ ಊರ ಬಾಣಂತನಕ್ಕ ಹೊಂಟಾಳ" ಎಂದಳು. ಬೀರವ್ವ ಅವಳನ್ನು ತಿವಿದು ಸುಮ್ಮನಿರಿಸಿದಳು. ನಾನು ಬಿಡಲಿಲ್ಲ, ಕೇಳಿದೆ. ಬೀರವ್ವನ ಸೊಸೆ ರುಕ್ಮವ್ವ, ಇನ್ನೂ ಹುಡುಗಿ, ಕಳೆದ ತಿಂಗಳು ಚೊಚ್ಚಲ ಹೆತ್ತಿದ್ದಾಳೆ. ಅವಳ ತವರಿನಲ್ಲಿಯೂ ನೀರಿಲ್ಲದ್ದರಿಂದ ಅವರು ಕರೆಯಲು ಬರಲಿಲ್ಲ. ಬೀರವ್ವನೇ ಗುಡಿಸಲಿನಲ್ಲಿ ಹೆರಿಗೆ ಮಾಡಿಸಿದಳು. "ಒದ್ದಿ ಅರಿವ್ಯಾಗ ಒರಸೀವ್ರಿ. ಮಳಿ ಆದ ಮ್ಯಾಲ ಎರದರಾತು" ಎಂದಳು, ಕುರಿಗೆ ನೀರು ಹಾಕುವ ಮಾತು ಆಡಿದ ಹಾಗೆ. ಅವಳು ಆ ತವರಿನವರಿಗೆ ಬಡವರೆಂದಳೇ, ಕಂಜೂಸರೆಂದಳೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಮ್ಮ ಹಿತ್ತಲಿನಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರ ಆ ಗುಡಿಸಲು. ಕೂಸು ಹುಟ್ಟಿದ್ದು ಊರಿಗೆಲ್ಲ ಗೊತ್ತಿತ್ತು, ನನಗೆ ಯಾರೂ ಹೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ.

"ಬ್ಯಾಡ" ಎಂದೆ. "ನಿಮ್ಮ ಕೂಸುಗಳ ಬಾಯಿಂದ ತಗದದ್ದು ನನ್ನ ಮಗಳ ಮೈಗೆ ಬ್ಯಾಡ. ವಾಡೆಗೆ ಇನ್ನಾ ಅಂಥಾ ಹೊತ್ತ ಬಂದಿಲ್ಲ." ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ನಾನು ಒಳಗೆ ಬಂದು ಕುಳಿತೆ. ಯಾವ ಹೊತ್ತು ಬಂದಿಲ್ಲ ಎಂದು ನನ್ನನ್ನೇ ಕೇಳಿಕೊಂಡೆ. ಬೀರವ್ವನಿಗೆ ಊರೆಲ್ಲ ಬಡವಿ ಎನ್ನುತ್ತದೆ, ಅವಳೂ ತನ್ನನ್ನು ಹಾಗೆಯೇ ಕರೆದುಕೊಳ್ಳುತ್ತಾಳೆ, ಅದರಿಂದ ಅವಳಿಗೆ ನಾಚಿಕೆಯಿಲ್ಲ. ಅವಳ ಹತ್ತಿರ ಕೊಡುವುದಕ್ಕೆ ಒಂದು ತಂಬಿಗೆ ಇತ್ತು. ನನಗೆ ಕೊಡುವುದೂ ಆಗಲಿಲ್ಲ, ಇಸಿದುಕೊಳ್ಳುವುದೂ ಆಗಲಿಲ್ಲ. ಓದಿದ ಪುಸ್ತಕಗಳಲ್ಲಿ ಎಷ್ಟೋ ಮಾತುಗಳಿದ್ದವು, ದೀನ, ಹೀನ, ನಿರ್ಗತಿಕ, ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದು ಬಂದೆ. ಯಾವುದನ್ನೂ ನನ್ನ ಮೈಗೆ ಅಳತೆ ಹಿಡಿದು ನೋಡಿರಲಿಲ್ಲ. ಈಗ ಒಂದೊಂದನ್ನೇ ಹಿಡಿದು ನೋಡುತ್ತಿದ್ದೇನೆ. ಒಂದು ಬಿಗಿಯಾಗುತ್ತದೆ, ಒಂದು ಸಡಿಲಾಗುತ್ತದೆ. ಬರಿಮೈಯಲ್ಲಿ ಕುಳಿತ ಹಾಗಾಗಿದೆ, ಮಗಳೇ.

ಆದ್ದರಿಂದ ಹೇಳುತ್ತೇನೆ, ನೀನು ಬರಬೇಡ. ಎಂಟು ಹತ್ತುವ ಮುಂಚೆ ಯಾರ ಜೊತೆಗಾದರೂ ಬಸ್ಸು ಹತ್ತಿ ಬಂದುಬಿಡುತ್ತೇನೆ ಎಂದು ಬರೆದಿದ್ದೀಯಲ್ಲ, ಹಾಗೆ ಮಾಡಬೇಡ. ಸಾಂಗಲಿಯಲ್ಲಿ ಮನೆಯ ಹಿಂದೆ ಹೊಳೆ ಹರಿಯುತ್ತದೆ, ದವಾಖಾನೆ ಹತ್ತಿರವಿದೆ, ಅಲ್ಲಿಯೇ ನಿನಗೆ ಕ್ಷೇಮ. ಅತ್ತೆ ಕೇಳಿದರೆ ಏನು ಹೇಳಬೇಕೆಂದು ಕೇಳಿದ್ದೀ. ಸಣ್ಣವಳಿದ್ದಾಗ ನೀನು ಯಾವ ಮಾತಿಗೆ ತಡವರಿಸಿದರೂ ನಾನು ಕೂಡಲೇ ಹೇಳಿಕೊಡುತ್ತಿದ್ದೆ. ಈ ಸಲ ನಿನಗೆ ಹೇಳಿಕೊಡಲು ನನ್ನ ಹತ್ತಿರ ಮಾತಿಲ್ಲ. ತಲೆ ಬಗ್ಗಿಸದೆ ಸುಮ್ಮನೆ ಕುಳಿತಿರು. ಹೆದರಬೇಡ ಎಂದು ಬರೆಯುತ್ತೇನೆ, ಆದರೆ ಹಾಗೆ ಬರೆದದ್ದರಿಂದ ಯಾವ ಬಸುರಿಯ ಹೆದರಿಕೆಯೂ ಹೋದದ್ದನ್ನು ನಾನು ಕಂಡಿಲ್ಲ. ನನಗೂ ನಿನ್ನನ್ನು ಹೆರುವಾಗ ಹೆದರಿಕೆಯಾಗಿತ್ತು. ನನ್ನ ತಾಯಿ ಹಿಂದೆ ಕುಳಿತು ಎರಡೂ ತೋಳು ಹಿಡಿದಿದ್ದಳು.

ಸಾವಿತ್ರವ್ವನವರಿಗೂ ಮಾವನವರಿಗೂ ನನ್ನ ಶರಣು ತಿಳಿಸು. ಅಳಿಯಂದಿರಿಗೆ ಆಶೀರ್ವಾದ. ಹೊಟ್ಟೆಯಲ್ಲಿರುವ ಕೂಸಿಗೆ ಶಿವನು ನೂರು ವರ್ಷ ಆಯುಷ್ಯ ಕೊಡಲಿ. ನಿನಗೆ ಹೂವು ಎತ್ತಿದಷ್ಟು ಸರಾಗವಾಗಿ ಹೆರಿಗೆಯಾಗಲಿ.

ನಿನ್ನ ಅವ್ವ,
ಶಿವಲಿಂಗವ್ವ ಸೋಮನಿಂಗಪ್ಪ ಪಾಟೀಲ

ತಾ. ಕ. ಮಂಗಳವಾರ ಮುಂಜಾನೆ. ಶಿದ್ರಾಯ ಜತ್ತಕ್ಕೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಬಚ್ಚಲಮನೆಯ ದೊಡ್ಡ ಹಂಡೆಯ ಮುಚ್ಚಳ ತೆಗೆದೆ. ಬಾವಿ ಬತ್ತಿದಂದಿನಿಂದ ಖಾಲಿ ಬಿದ್ದ ಹಂಡೆಯಲ್ಲಿ ಕುತ್ತಿಗೆಯ ತನಕ ನೀರು. ಯಮನವ್ವನನ್ನು ಕರೆದರೆ, "ನನಗ ಬೈಬ್ಯಾಡ್ರಿ, ಹೆಂಗಸ್ರು ಹಿತ್ತಲ ಬಾಗಲಿಂದ ತಂದ ಸುರವ್ಯಾರ. ಹೇಳಿದರ ನೀವ ಹೊಳ್ಳಿ ಕಳಸತಿದ್ರಿ" ಎಂದು ಅತ್ತಳು. ಯಾರ ಮನೆಯ ನೀರನ್ನು ಯಾರಿಗೆ ಹೊಳ್ಳಿ ಕೊಡಲಿ? ಎಲ್ಲ ಕೂಡಿಬಿಟ್ಟಿತ್ತು. ಬೀರವ್ವನ ಸೊಸೆಯನ್ನು ಕರೆಸಿದೆ. ನೀರು ಕಾಯಿಸಿ, ಮಣೆಯ ಮೇಲೆ ಕೂಡಿಸಿ, ಎಣ್ಣೆ ಹಚ್ಚಿ ನಾನೇ ಎರೆದೆ. ಮೊದಲ ತಂಬಿಗೆ ಬೆನ್ನಿಗೆ ಬಿದ್ದಾಗ ಹುಡುಗಿ ಜೋರಾಗಿ ಅತ್ತುಬಿಟ್ಟಳು. ಕೂಸಿಗೂ ಎರೆದೆ. ಬೀರವ್ವ ಬಾಗಿಲಲ್ಲಿ ನಿಂತು, "ಇಂದ್ರವ್ವಂದು ಖಾಲಿ ಮಾಡಿದ್ರಲ್ರಿ ಅವ್ವಾರ" ಎಂದಳು. ಹೌದು, ನಿನಗೆಂದು ಕೂಡಿಟ್ಟ ನೀರು ಅದು. ಖಾಲಿ ಮಾಡಿದೆ. ಇನ್ನು ಸುರಿಯಬಾರದೆಂದು ಎಲ್ಲರಿಗೂ ಹೇಳಿದ್ದೇನೆ, ನಾನಿಲ್ಲದಾಗ ವಾಡೆಯ ಪಾಲಿನಲ್ಲಿ ಒಂದು ಕೊಡ ಬೀರವ್ವನ ಮನೆಗೆ ಹೋಗಬೇಕೆಂದು ವಿಠೋಬನಿಗೆ ಹೇಳಿ ಒಪ್ಪಿಸಿದ್ದೇನೆ. ಗುರುವಾರದ ಬಸ್ಸಿಗೆ ನಾನು ಬರುತ್ತೇನೆ. ಬುತ್ತಿ ತರುವುದಿಲ್ಲ. ಅಲ್ಲಿ ಏನು ಬಡಿಸುತ್ತಾರೋ ಅದನ್ನು ಉಣ್ಣುತ್ತೇನೆ, ಏನು ಅನ್ನುತ್ತಾರೋ ಅದನ್ನು ಕೇಳುತ್ತೇನೆ. ನಿಮ್ಮ ಅತ್ತೆಗೆ ಹೇಳಬೇಕಾದ ಮಾತನ್ನು ನೀನು ಹೇಳಬೇಕಾಗಿಲ್ಲ. ನಿನ್ನೆ ನಾನೇ ಅವರ ಹೆಸರಿಗೆ ಕಾರ್ಡು ಬರೆದೆ. ಲಕೋಟೆಯಲ್ಲಿ ಹಾಕಲಿಲ್ಲ. ಮರಾಠಿಯಲ್ಲಿ ಬರೆದೆ, ನಿಮ್ಮ ಅಂಗಡಿಯ ಗುಮಾಸ್ತ ಓದಿ ಹೇಳಿದರೂ ಎಲ್ಲರಿಗೂ ತಿಳಿಯಲಿ ಎಂದು. ನಾವು ಗರೀಬರು, ಮಗಳ ಬಾಣಂತನ ಮಾಡುವ ಶಕ್ತಿ ನಮ್ಮಲ್ಲಿಲ್ಲ, ಹೆರಿಗೆ ನಿಮ್ಮ ಮನೆಯಲ್ಲಿಯೇ ಆಗಲಿ, ನನಗೂ ಒಂದು ಮೂಲೆ ಕೊಡಿರಿ, ಇಷ್ಟೇ. ಸಹಿ ಪೂರ್ತಿ ಹಾಕಿದ್ದೇನೆ. ಯಾರ ಕೈಗೂ ಕೊಡದೆ ನಾನೇ ನಡೆದು ಹೋಗಿ ಟಪಾಲು ಪೆಟ್ಟಿಗೆಗೆ ಹಾಕಿ ಬಂದೆ. ಈ ಹೊತ್ತಿಗೆ ಅದು ಜತ್ತ ದಾಟಿರುತ್ತದೆ.